ಒಂದೇ ಕಾಡತೂಸಿಗೆ ರಿವಾಲ್ವರ್ ಮತ್ತು ಕಾರ್ಬೈನ್: ಜೋಡಿ ಕಟ್ಟುವ ಮುನ್ನ

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯ ರೈತ. ಊರಿನಿಂದ ಎರಡು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ ವಾಸ. ನನ್ನ ತಂದೆಯವರಿಗೆ 72 ವರ್ಷ. ಅವರ ಹೆಸರಿನಲ್ಲಿರುವ ಪಾಯಿಂಟ್ 32 ರಿವಾಲ್ವರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಅಮೆರಿಕದಲ್ಲಿ ಒಂದೇ ಕಾಡತೂಸು ಹಿಡಿಯುವ ರಿವಾಲ್ವರ್ ಮತ್ತು ಕಾರ್ಬೈನನ್ನು (ಗಿಡ್ಡ ನಳಿಗೆಯ ಹಗುರ ರೈಫಲ್) ಜೋಡಿಯಾಗಿ ಇಟ್ಟುಕೊಳ್ಳುತ್ತಾರೆ ಎಂದು ವಿಡಿಯೊಗಳಲ್ಲಿ ನೋಡಿದೆ. ಹಾಗೆ ನಾನೂ ರಿವಾಲ್ವರಿನ ಗುಂಡನ್ನೇ ಹಾಕುವ ಸಣ್ಣ ರೈಫಲ್ ಕೊಳ್ಳಬಹುದೇ? ನೆರೆಯವರ ಬಳಿ ಪಾಯಿಂಟ್ 315 ರೈಫಲ್ ಇದೆ. 315ಕ್ಕೂ 32ಕ್ಕೂ ಕೂದಲೆಳೆಯ ವ್ಯತ್ಯಾಸ ಅಷ್ಟೇ ಅಲ್ಲವೇ, ಅದಕ್ಕೆ ನಮ್ಮ ಗುಂಡು ಹೊಂದುತ್ತದೆಯೇ? ತೋಟಕ್ಕೆ ಹಂದಿ, ಕೋತಿಗಳ ಕಾಟವೂ ಇದೆ. ತಂದೆಯವರ ಟಿನ್ನಿನ ಡಬ್ಬಿಯಲ್ಲಿ ಹಳೆಯ ಗುಂಡುಗಳು ಇಪ್ಪತ್ತರಷ್ಟಿವೆ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ನೆರೆಯವರ 315 ರೈಫಲಿಗೆ ನಿಮ್ಮ ರಿವಾಲ್ವರಿನ ಗುಂಡನ್ನು ಹಾಕಿ ನೋಡುವ ಯೋಚನೆಯನ್ನು ಈ ಕ್ಷಣವೇ ಬಿಟ್ಟುಬಿಡಿ. ಸಂಖ್ಯೆಗಳು ಹತ್ತಿರವಿವೆ, ನಿಜ. 315 ಎಂದರೆ ಅಂಗುಲದ ಸಾವಿರದಲ್ಲಿ 315 ಭಾಗ, ಅಂದರೆ 8 ಮಿಲಿಮೀಟರ್. ನಿಮ್ಮ 32ರ ಗುಂಡೂ ಅಳೆದರೆ ಸುಮಾರು 7.9 ಮಿಲಿಮೀಟರ್ ಬರುತ್ತದೆ. ಆದರೆ ಬೋರ್, ಅಂದರೆ ನಳಿಗೆಯ ಒಳ ಅಳತೆ, ಒಂದೇ ಆದ ಮಾತ್ರಕ್ಕೆ ಕಾಡತೂಸು ಒಂದೇ ಆಗುವುದಿಲ್ಲ. 315ರ ಹಿತ್ತಾಳೆ ಕವಚ 50 ಮಿಲಿಮೀಟರ್ ಉದ್ದ, ಕೆಳಗೆ ದಪ್ಪ, ಮೇಲೆ ಸೀಸೆಯ ಕತ್ತಿನಂತೆ ಕಿರಿದು. ನಿಮ್ಮದು 23 ಮಿಲಿಮೀಟರಿನ ನೆಟ್ಟನೆಯ ಗಿಡ್ಡ ಕವಚ. ಒಂದರ ಬಲ ಇನ್ನೊಂದರ ಹತ್ತಾರು ಪಟ್ಟು. ದೊಡ್ಡ ಗೂಡಿನೊಳಗೆ ಸಡಿಲವಾಗಿ ಕುಳಿತ ಸಣ್ಣ ಕಾಡತೂಸು ಹಾರಿದರೆ ಕವಚ ಸೀಳಿ, ಸುಡುವ ಅನಿಲ ಹಿಂದಕ್ಕೆ ನುಗ್ಗುತ್ತದೆ. ಆಗ ಆ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಹಿಂದೆ ಇರುವುದು ನಿಮ್ಮ ಕಣ್ಣು.

ಇದೇ ಗೊಂದಲ ಪಾಯಿಂಟ್ 32ರ ಒಳಗೇ ಇದೆ. ಕಾನ್ಪುರದ ಕಾರ್ಖಾನೆಯ 32 ರಿವಾಲ್ವರ್ ಹಿಡಿಯುವುದು 32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ, 1896ರಲ್ಲಿ ಬಂದ ಕಾಡತೂಸನ್ನು. ಅಶನಿ ಎಂಬ ಹೆಸರಿನ 32 ಪಿಸ್ತೂಲು ಹಿಡಿಯುವುದು 32 ಎಸಿಪಿ ಎಂಬ, 1899ರ ಇನ್ನೊಂದು ಕಾಡತೂಸನ್ನು. ಅದರ ಕವಚ 17 ಮಿಲಿಮೀಟರ್ ಮಾತ್ರ. ಲೈಸೆನ್ಸ್ ಪುಸ್ತಕದಲ್ಲಿ ಎರಡಕ್ಕೂ ‘32 ಬೋರ್’ ಎಂದೇ ಬರೆದಿರುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ‘ಮೂವತ್ತೆರಡು ಕೊಡಿ’ ಎಂದಷ್ಟೇ ಹೇಳಬೇಡಿ. ರಿವಾಲ್ವರಿನದು ಎಂದು ಹೇಳಿ, ಡಬ್ಬಿಯ ಮೇಲಿನ ಹೆಸರನ್ನು ಓದಿ, ಒಂದನ್ನು ಕೈಯಲ್ಲಿ ಹಿಡಿದು ನೋಡಿ.

ಈಗ ನೀವು ಕೇಳಿದ ಜೋಡಿಯ ವಿಷಯ. ನಾನು ಮೂವತ್ತು ವರ್ಷ ಪೊಲೀಸ್ ಮೀಸಲು ಪಡೆಯ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ, ಅಂದರೆ ಬಂದೂಕುಗಳ ದುರಸ್ತಿ ನೋಡಿಕೊಳ್ಳುವವನಾಗಿ, ದುಡಿದವನು. ಈ ಕಲ್ಪನೆ ನನಗೆ ವಿದೇಶದ ವಿಡಿಯೊದಿಂದ ಪರಿಚಯವಾದದ್ದಲ್ಲ. ಪ್ರತಿದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆಯೇ ಇರುತ್ತಿತ್ತು. ಹಾಸಿದ ದಪ್ಪ ಬಟ್ಟೆಯ ಎಡಕ್ಕೆ 9 ಎಂಎಂ ಪಿಸ್ತೂಲು, ಬಲಕ್ಕೆ ಸ್ಟರ್ಲಿಂಗ್ ಮಾದರಿಯ 9 ಎಂಎಂ ಕಾರ್ಬೈನ್, ನಡುವೆ ಒಂದೇ ರಟ್ಟಿನ ಡಬ್ಬಿ. ಹೊಸದಾಗಿ ಬಂದ ಹುಡುಗರಿಗೆ ಆ ಡಬ್ಬಿಯಿಂದ ಪಿಸ್ತೂಲಿನ ಮ್ಯಾಗಜಿನ್‌ಗೆ 13, ಕಾರ್ಬೈನಿನ ಬಾಗಿದ ಮ್ಯಾಗಜಿನ್‌ಗೆ 34 ಗುಂಡು ತುಂಬಲು ಹೇಳುತ್ತಿದ್ದೆ. ತುಂಬಿ ಮುಗಿಸುವಷ್ಟರಲ್ಲಿ ಹೆಬ್ಬೆರಳು ಕೆಂಪಾಗುತ್ತಿತ್ತು, ಪಾಠ ತಲೆಯಲ್ಲಿ ಕೂರುತ್ತಿತ್ತು: ಕಾಡತೂಸು ಒಂದು, ಮ್ಯಾಗಜಿನ್ ಬೇರೆ, ಕೆಲಸ ಬೇರೆ. ಪಡೆಗೆ ಇದರಿಂದಾಗುವ ಲಾಭ ದೊಡ್ಡದು. ಉಗ್ರಾಣದಲ್ಲಿ ಒಂದೇ ಲೆಕ್ಕ, ಬಂದೋಬಸ್ತಿಗೆ ಹೊರಟ ಲಾರಿಯಲ್ಲಿ ಒಂದೇ ಪೆಟ್ಟಿಗೆ.

ಅಮೆರಿಕದಲ್ಲಿ ಇದು ಬೆಳೆದದ್ದು ಇನ್ನೂ ಸರಳವಾದ ಕಾರಣಕ್ಕೆ. ವಿಂಚೆಸ್ಟರ್ ಕಂಪನಿ 1873ರಲ್ಲಿ ತನ್ನ ಲಿವರ್ ರೈಫಲನ್ನು (ಟ್ರಿಗರಿನ ಬಳಿಯ ಸನ್ನೆಯನ್ನು ಎಳೆದು ಮುಂದಿನ ಗುಂಡು ಏರಿಸುವಂಥದ್ದು) 44-40 ಎಂಬ ಕಾಡತೂಸಿನೊಂದಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಕೋಲ್ಟ್ ಕಂಪನಿ ಅದೇ ಕಾಡತೂಸಿಗೆ ರಿವಾಲ್ವರ್ ಮಾಡಿತು. ಕುದುರೆಯ ಮೇಲೆ ವಾರಗಟ್ಟಲೆ ತಿರುಗುವವನಿಗೆ ಸೊಂಟದ ಪಟ್ಟಿಯಲ್ಲಿ ಒಂದೇ ಬಗೆಯ ಗುಂಡು ಸಾಕಾಯಿತು. 1882ರಲ್ಲಿ 32-20 ಎಂಬ ಸಣ್ಣ ಕಾಡತೂಸಿಗೂ ಇದೇ ಭಾಗ್ಯ ಬಂತು. ಮುಂದಿನ ಅಂಗಡಿ ಇನ್ನೂರು ಕಿಲೋಮೀಟರ್ ದೂರವಿದ್ದವರ ಅನುಕೂಲ ಅದು. ಕೊಡಿಗೇನಹಳ್ಳಿಯ ತೋಟದ ಮನೆಯಲ್ಲಿ ನಿಮಗೆ ಆ ಕಷ್ಟವಿಲ್ಲ. ವರ್ಷಕ್ಕೆ ನೀವು ಹಾರಿಸುವ ಗುಂಡೇ ಬೆರಳೆಣಿಕೆಯದು.

ಹಾಗಾದರೆ ಲಾಭ ಬೇರೆ ಎಲ್ಲಿದೆ? ವಿಡಿಯೊಗಳು ಹೇಳುವುದು ಬಲದ ಮಾತು: ಅದೇ ಗುಂಡು ಉದ್ದ ನಳಿಗೆಯಿಂದ ಹೆಚ್ಚು ವೇಗದಲ್ಲಿ ಹೊರಡುತ್ತದೆ ಎಂದು. 357 ಮ್ಯಾಗ್ನಮ್‌ನಂಥ, ಮದ್ದು ಹೆಚ್ಚಿರುವ ಕಾಡತೂಸಿಗೆ ಇದು ಪೂರ್ತಿ ನಿಜ. ಹತ್ತು ಗ್ರಾಂ ತೂಕದ ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟರೆ, ಕಾರ್ಬೈನಿನಿಂದ 550ರ ಹತ್ತಿರ ಹೋಗುತ್ತದೆ. ಶಕ್ತಿ ಇಮ್ಮಡಿಯಾಯಿತು ಎಂದೇ ಲೆಕ್ಕ. ಆದರೆ ಸಣ್ಣ ಕಾಡತೂಸಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮದ್ದು ಉರಿದು ಅನಿಲವಾಗಿ ಗುಂಡನ್ನು ತಳ್ಳುತ್ತದೆ, ಗುಂಡು ಮುಂದೆ ಸರಿದಂತೆ ಅದರ ಹಿಂದಿನ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ. ಚಿಟಿಕೆ ಮದ್ದು ಕೆಲವೇ ಅಂಗುಲಗಳಲ್ಲಿ ಉರಿದು ಮುಗಿದ ಮೇಲೆ ಉಳಿದ ನಳಿಗೆ ಗುಂಡನ್ನು ತಳ್ಳುವುದಕ್ಕಿಂತ ಉಜ್ಜುವುದೇ ಹೆಚ್ಚು. ಪಾಯಿಂಟ್ 22 ಲಾಂಗ್ ರೈಫಲ್ ಕಾಡತೂಸಿನ ಗುಂಡು 2.6 ಗ್ರಾಂ. ಗಿಡ್ಡ ಪಿಸ್ತೂಲಿನಿಂದ ಅದು ಸೆಕೆಂಡಿಗೆ 300 ಮೀಟರಿನ ಆಸುಪಾಸಿನಲ್ಲಿ, ರೈಫಲಿನಿಂದ 330ರ ಆಸುಪಾಸಿನಲ್ಲಿ ಹೊರಡುತ್ತದೆ. ಹದಿನಾರು ಅಂಗುಲ ದಾಟಿದ ಮೇಲೆ ನಳಿಗೆ ಎಷ್ಟೇ ಉದ್ದವಿದ್ದರೂ ಹೇಳಿಕೊಳ್ಳುವ ಗಳಿಕೆ ಇಲ್ಲ. ನಿಮ್ಮ 32 ಸ್ಮಿತ್ ಅಂಡ್ ವೆಸನ್ ಲಾಂಗ್ ಇನ್ನೂ ಸೌಮ್ಯ: ಆರು ಗ್ರಾಂ ಚಿಲ್ಲರೆ ತೂಕದ ಸೀಸ, ಸೆಕೆಂಡಿಗೆ 220 ಮೀಟರಿನ ಸುತ್ತಮುತ್ತ. ಶಕ್ತಿಯಲ್ಲಿ 22 ರೈಫಲಿನ ಗುಂಡಿಗೂ ಇದಕ್ಕೂ ದೊಡ್ಡ ಅಂತರವಿಲ್ಲ ಎಂದರೆ ಅನೇಕರು ನಂಬುವುದಿಲ್ಲ. ಲೆಕ್ಕ ಹಾಕಿ ನೋಡಿ, ಎರಡೂ 150 ಜೂಲ್‌ಗಳ ಹತ್ತಿರವೇ ನಿಲ್ಲುತ್ತವೆ.

ಉದ್ದನೆಯ ಬಂದೂಕು ಕೊಡುವುದು ಬಲವನ್ನಲ್ಲ, ಗುರಿಯನ್ನು. ಇದನ್ನು ಅಳತೆಪಟ್ಟಿ ಹಿಡಿದು ತೋರಿಸಬಹುದು. ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತುಗಳೇ ಸೈಟು. ಕೈಬಂದೂಕಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 100 ಮಿಲಿಮೀಟರ್ ಅಂತರವಿದೆ ಎಂದುಕೊಳ್ಳಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 25 ಮೀಟರ್ ಆಚೆ ಗುಂಡು 250 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಅಂದರೆ ಹತ್ತಿರಹತ್ತಿರ ಒಂದು ಗೇಣು. ಅದೇ ಅಂತರ 500 ಮಿಲಿಮೀಟರ್ ಇರುವ ಕಾರ್ಬೈನಿನಲ್ಲಿ ಅದೇ ತಪ್ಪಿಗೆ ಬೀಳುವ ದಂಡ 50 ಮಿಲಿಮೀಟರ್. ಇದಕ್ಕೆ ಭುಜದ ಆಸರೆ ಸೇರುತ್ತದೆ, ಕೆನ್ನೆಯ ಆಸರೆ ಸೇರುತ್ತದೆ, ಎರಡು ಕೈಗಳ ಹಿಡಿತ ಸೇರುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವೇ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು. 50 ಮೀಟರ್ ಪಿಸ್ತೂಲಿಗೆ ಅದೇ ಹತ್ತು ಅಂಕದ ವೃತ್ತ 50 ಮಿಲಿಮೀಟರ್. ಎರಡರಲ್ಲೂ ಹಾರುವುದು ಅದೇ 22 ಲಾಂಗ್ ರೈಫಲ್ ಕಾಡತೂಸು, ದೂರವೂ ಅದೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಈ ಕಾಡತೂಸಿನಿಂದ. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳಲ್ಲಿ ಕಂಚು ಗೆದ್ದದ್ದೂ ಇದರಿಂದಲೇ. 1887ರಲ್ಲಿ ಹುಟ್ಟಿದ ಈ ಸಣ್ಣ ಕಾಡತೂಸಿನ ಮೇಲೆ ನನಗಿರುವ ಗೌರವ ಅಷ್ಟಿಷ್ಟಲ್ಲ. ನಿಮ್ಮ 32ನ್ನೂ ಕೀಳಾಗಿ ಕಾಣಬೇಡಿ. 25 ಮೀಟರ್ ಸೆಂಟರ್ ಫೈರ್ (ಸಿಡಿಯುವ ಮದ್ದು ಕವಚದ ತಳದ ನಡುವೆ ಇರುವ ಕಾಡತೂಸಿನ) ಪಿಸ್ತೂಲು ಸ್ಪರ್ಧೆಯಲ್ಲಿ ಜಗತ್ತಿನ ಹೆಚ್ಚಿನ ಗುರಿಕಾರರು ನೆಚ್ಚಿಕೊಂಡಿರುವುದು ಇದೇ 32 ಸ್ಮಿತ್ ಅಂಡ್ ವೆಸನ್ ಲಾಂಗನ್ನು, ಮೂತಿ ಚಪ್ಪಟೆಯಾದ ಗುಂಡಿನೊಂದಿಗೆ. ಹೊಡೆತ ಮೃದುವಾದ್ದರಿಂದ ಕೈ ಅಲುಗುವುದಿಲ್ಲ.

ಈಗ ಕಾನೂನು. ನಿಮ್ಮ 32 ರಿವಾಲ್ವರಿನ ಕಾಡತೂಸಿಗೆ ಹೊಂದುವ ಕಾರ್ಬೈನ್ ನಮ್ಮ ಅಂಗಡಿಗಳಲ್ಲಿ ಸಿಗುವ ಸರಕಲ್ಲ, ಸಾಮಾನ್ಯ ಲೈಸೆನ್ಸುದಾರ ವಿದೇಶದಿಂದ ತರಿಸಿಕೊಳ್ಳುವಂತೆಯೂ ಇಲ್ಲ. 9 ಎಂಎಂ ಜೋಡಿಯಂತೂ ಪಡೆಗಳಿಗೆ ಮೀಸಲು, ಅದು ನಿಷೇಧಿತ ಬೋರ್. ಯಾರಾದರೂ ‘ಬೇರೆ ರೈಫಲಿನ ನಳಿಗೆ ಬದಲಿಸಿ, ಇಲ್ಲವೇ ಕತ್ತರಿಸಿ, 32ಕ್ಕೆ ಹೊಂದಿಸಿಕೊಡುತ್ತೇನೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಬಂದೂಕಿನ ನಳಿಗೆ ಗಿಡ್ಡ ಮಾಡುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ಹೆಸರಿಸಿಯೇ ತಡೆದಿದೆ. ಬರಿಯ ದಂಡ ಕಟ್ಟಿ ಬಿಡಿಸಿಕೊಳ್ಳುವ ವಿಷಯ ಅದಲ್ಲ.

ಆದರೆ ಅದೇ ಕಾಯ್ದೆಯಲ್ಲಿ ನಿಮಗೊಂದು ತೆರೆದ ಬಾಗಿಲೂ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಆದರೆ 3ನೇ ಕಲಮಿನ ಮೂರನೆಯ ಉಪಕಲಮಿನ ಪ್ರಕಾರ, ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ರೈಫಲ್ ಸಂಸ್ಥೆಯ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲ್ ಈ ಮಿತಿಗೆ ಸೇರುವುದಿಲ್ಲ. 13ನೇ ಕಲಮು ಇನ್ನೂ ಮುಂದೆ ಹೋಗುತ್ತದೆ: ಅಂಥ ಸದಸ್ಯರಿಗೆ 22 ರೈಫಲಿನ ಲೈಸೆನ್ಸನ್ನು ಅಧಿಕಾರಿ ಕೊಡತಕ್ಕದ್ದು ಎಂದೇ ಹೇಳುತ್ತದೆ. ರಿವಾಲ್ವರಿನಂಥ ಬಂದೂಕುಗಳಿಗೆ ‘ತಕ್ಕ ಕಾರಣವಿದೆ’ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಇಲ್ಲಿ ಸದಸ್ಯತ್ವ ಮತ್ತು ಅಭ್ಯಾಸವೇ ಕಾರಣ. ಹಿನ್ನೆಲೆಯಲ್ಲಿ ತೊಡಕಿದ್ದರೆ ನಿರಾಕರಿಸುವ ಅಧಿಕಾರ ಅವರಿಗೆ ಇದ್ದೇ ಇದೆ.

ಆದ್ದರಿಂದ ನಿಜವಾಗಿ ಸಾಧ್ಯವಿರುವ, ಅರ್ಥವಿರುವ ಜೋಡಿ ಎಂದರೆ 22ರದ್ದು: ಕ್ಲಬ್ಬಿನಲ್ಲಿ 22 ಪಿಸ್ತೂಲು, ನಿಮ್ಮದಾಗಿ 22 ರೈಫಲ್. ನಾನು ಈಗ ಮಕ್ಕಳಿಗೆ ಗುರಿ ಕಲಿಸುವಾಗ ಮೊದಲ ಆರು ತಿಂಗಳು ರೈಫಲನ್ನೇ ಕೊಡುತ್ತೇನೆ. ಉಸಿರು ಬಿಡುವುದು, ಬಿಟ್ಟು ನಿಲ್ಲಿಸುವುದು, ಟ್ರಿಗರನ್ನು ಬೆರಳಿನ ಮೊದಲ ಗೆಣ್ಣಿನಿಂದ ನೇರ ಹಿಂದಕ್ಕೆ ಒತ್ತುವುದು, ಗುಂಡು ಹೋದ ಮೇಲೂ ಎರಡು ಕ್ಷಣ ಸೈಟನ್ನು ಬಿಡದೆ ನೋಡುವುದು. ರೈಫಲ್ ಇದನ್ನೆಲ್ಲ ಕ್ಷಮಿಸುತ್ತ ಕಲಿಸುತ್ತದೆ. ಆಮೇಲೆ ಅದೇ ಡಬ್ಬಿಯ ಕಾಡತೂಸನ್ನು ಪಿಸ್ತೂಲಿಗೆ ತುಂಬಿಸಿ ಕೈಗೆ ಕೊಟ್ಟಾಗ ಶಬ್ದವೂ ಒದೆತವೂ ಹೊಸದೆನಿಸುವುದಿಲ್ಲ, ಹಿಡಿತ ಮಾತ್ರ ಹೊಸದು. ಒಬ್ಬ ಹುಡುಗಿ ರೈಫಲಿನಲ್ಲಿ ಹತ್ತು ಗುಂಡುಗಳನ್ನು ಐದು ರೂಪಾಯಿ ನಾಣ್ಯದೊಳಗೆ ಕೂರಿಸಿ, ಅದೇ ಸಂಜೆ ಪಿಸ್ತೂಲಿನಲ್ಲಿ ಊಟದ ತಟ್ಟೆಯಗಲ ಚೆಲ್ಲಿದಳು. ಎರಡೂ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಕಾಡತೂಸು ಒಂದೇ ಆದ್ದರಿಂದ ತಪ್ಪನ್ನು ಹೊರಿಸಲು ಬೇರೆ ಯಾವುದೂ ಉಳಿದಿರಲಿಲ್ಲ, ತನ್ನ ಮಣಿಕಟ್ಟೇ ಎಂದು ಅವಳಿಗೆ ತಾನಾಗಿ ಹೊಳೆಯಿತು. ಒಂದೇ ಕಾಡತೂಸಿನ ಜೋಡಿಯ ದೊಡ್ಡ ಉಪಯೋಗ ನನ್ನ ಕಣ್ಣಿಗೆ ಇದು.

ಡಬ್ಬಿ ಒಂದೇ ಆದರೂ ಎರಡು ನಳಿಗೆಗಳ ರುಚಿ ಒಂದೇ ಇರುವುದಿಲ್ಲ ಎನ್ನುವುದೂ ನೆನಪಿರಲಿ. ರೈಫಲಿಗೆ ಒಗ್ಗಿದ ಗುಂಡು ಪಿಸ್ತೂಲಿನಲ್ಲಿ ಚೆದುರಬಹುದು, ಸ್ವಯಂಚಾಲಿತ ಪಿಸ್ತೂಲಿನ ಹಿಂದೆ ಸರಿಯುವ ಭಾಗವನ್ನು ಪೂರ್ತಿ ಹಿಂದಕ್ಕೆ ತಳ್ಳದೆ ನಡುವೆ ಸಿಕ್ಕಿಹಾಕಿಕೊಳ್ಳಬಹುದು. 22ರಲ್ಲಿ ಸಿಡಿಯುವ ಮದ್ದು ಕವಚದ ಅಂಚಿನೊಳಗೇ ಇರುವುದರಿಂದ ಆಗಾಗ ಒಂದು ಹಾರದೆ ಉಳಿಯುವುದೂ ಉಂಟು. ಟ್ರಿಗರ್ ಒತ್ತಿದಾಗ ‘ಟಿಕ್’ ಎಂದು ಸುಮ್ಮನಾದರೆ ಮೂತಿಯನ್ನು ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ಶಬ್ದ ಎಂದಿನಂತಿಲ್ಲದೆ ಪುಸ್ಸೆಂದರೆ ಗುಂಡು ನಳಿಗೆಯಲ್ಲೇ ಕುಳಿತಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ ನಳಿಗೆಯನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ನುಂಗಿದ ಹಾವಿನಂತೆ ನಡುವೆ ಉಬ್ಬಿತ್ತು.

ಹಂದಿ, ಕೋತಿಗಳ ವಿಷಯಕ್ಕೆ ಬರೋಣ. ಇವಕ್ಕಾಗಿ ಮಾತ್ರ ಈ ಜೋಡಿಯ ಆಸೆ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿ ಅನುಮತಿಯಿಲ್ಲದೆ ಕಾಡುಪ್ರಾಣಿಗೆ ಗುಂಡು ಹಾರಿಸುವುದು ಅಪರಾಧ, ಬಂದೂಕಿಗೆ ಲೈಸೆನ್ಸ್ ಇದ್ದರೂ ಅಪರಾಧವೇ. ಮೈದೇನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದು ನಿಮ್ಮ ತಾಲ್ಲೂಕಿನಲ್ಲೇ, ಆ ಜಿಂಕೆಗಳು ಹೊಲಗಳಿಗೂ ಬರುತ್ತವೆ. ರಾತ್ರಿ ಟಾರ್ಚಿನ ಬೆಳಕಿನಲ್ಲಿ ಹೊಳೆಯುವ ಎರಡು ಕಣ್ಣು ಯಾರವು ಎಂದು ತೋಟದ ಅಂಚಿನಿಂದ ಹೇಳಲಾಗದು. ಬೆಳೆ ಕಾಯುವ ಕೋವಿ ಎಂದು ಕಾನೂನು ಗುರುತಿಸುವುದು ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು, ಅದರ ಉಪಯೋಗ ಮುಖ್ಯವಾಗಿ ಸದ್ದಿನದು. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

ಕಾನೂನಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ನಿಮ್ಮ ಸೀಮೆಯ ಬಂಡೆ. 22ರ ಗುಂಡು ಸಣ್ಣದು ಎಂದು ಜನ ಅದನ್ನು ಹಗುರವಾಗಿ ಕಾಣುತ್ತಾರೆ. ಮೂತಿ ಎತ್ತಿ ಹಾರಿಸಿದರೆ ಅದು ಸುಮಾರು ಎರಡು ಕಿಲೋಮೀಟರ್ ಹೋಗಬಲ್ಲದು, ಅಂದರೆ ನಿಮ್ಮ ತೋಟದಿಂದ ನಿಮ್ಮ ಊರಿಗೆ. ತೆಂಗಿನ ಗರಿಯ ಮೇಲಿನ ಕೋತಿಗೆ ಗುರಿಯಿಟ್ಟವನು ಮೂತಿ ಎತ್ತಿಯೇ ಇರುತ್ತಾನೆ. ಇನ್ನು ದುಂಡು ಮೂತಿಯ, ನಿಧಾನ ವೇಗದ ಮೆತ್ತನೆಯ ಸೀಸ ಕಲ್ಲಿಗೋ ಕೆರೆಯ ನೀರಿಗೋ ಓರೆಯಾಗಿ ತಾಗಿದರೆ ಒಳಗೆ ಇಳಿಯದೆ ಜಾರಿ ಹಾರುತ್ತದೆ, ಮಕ್ಕಳು ಕೆರೆಯಲ್ಲಿ ಬಿಲ್ಲೆ ಎಸೆದಂತೆ. ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತಲಿನ ನೆಲವೆಲ್ಲ ಅಂಥ ಕಲ್ಲೇ. ಬೆಟ್ಟದ ಬುಡದ ಅಭ್ಯಾಸದ ಬಯಲೊಂದರಲ್ಲಿ ಒಮ್ಮೆ ಮಣ್ಣಿನ ದಿಬ್ಬ ಮಳೆಗೆ ಕರಗಿ ಹಿಂದಿನ ಬಂಡೆ ಇಣುಕಿದ್ದನ್ನು ಯಾರೂ ಗಮನಿಸಿರಲಿಲ್ಲ. ಹಾರಿಸಿದವನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ್ದ ಜೀಪಿನ ಬಾಗಿಲಿಗೆ ಏನೋ ಟಪ್ಪೆಂದು ಬಡಿಯಿತು. ನೆಲದಿಂದ ಎತ್ತಿಕೊಂಡರೆ ಬೆಚ್ಚಗೆ, ಹುಣಸೆ ಬೀಜದಂತೆ ಚಪ್ಪಟೆಯಾದ ಸೀಸ. ಆ ಚೂರನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ, ಹೊಸಬರ ಅಂಗೈ ಮೇಲೆ ಇಡುತ್ತೇನೆ. ಅಭ್ಯಾಸದ ಬಯಲಿನ ಹೊರಗೆ 22 ಹಾರಿಸಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಮನೆಯ ರಕ್ಷಣೆಗೆ ರಿವಾಲ್ವರ್ ಸಾಕೇ ಎಂದು ನೀವು ಕೇಳಿಲ್ಲ, ಆದರೂ ಪ್ರಶ್ನೆಯ ಹಿಂದೆ ಆ ಆತಂಕ ಇದ್ದಂತಿದೆ. ಒಂಟಿ ಮನೆಗೆ ಒಳ್ಳೆಯ ಬಾಗಿಲು, ಅಂಗಳಕ್ಕೆ ಬೆಳಕು, ಎಚ್ಚರದ ನಾಯಿ, ಫೋನಿನಲ್ಲಿ ಪಕ್ಕದ ತೋಟದವರ ನಂಬರು ಇವು ಮೊದಲು. ಎರಡನೆಯ ಬಂದೂಕು ಬಂದರೆ ಬೀಗ ಹಾಕಬೇಕಾದ ವಸ್ತು ಇನ್ನೊಂದು ಹೆಚ್ಚಿತು. ಬಂದೂಕು ಒಂದು ಕಪಾಟಿನಲ್ಲಿ, ಕಾಡತೂಸು ಇನ್ನೊಂದರಲ್ಲಿ, ಎರಡು ಬೀಗದ ಕೈ ಒಂದೇ ಗೊಂಚಲಿನಲ್ಲಿ ಬೇಡ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಒಪ್ಪಿಸಲು ಸೂಚನೆ ಬಂದರೆ, ಒಪ್ಪಿಸಿದ ಪ್ರತಿಯೊಂದಕ್ಕೂ ಸಂಖ್ಯೆ ಬರೆಸಿಕೊಂಡು ರಸೀದಿ ತೆಗೆದುಕೊಳ್ಳಿ.

ಮುಂದೆ ನೀವು ಮಾಡಬೇಕಾದದ್ದು ಇಷ್ಟು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಕೊಡಲು ಅವಕಾಶವಿದೆ. ತಂದೆಯವರಿಗೆ 72 ಆಗಿರುವುದರಿಂದ ಅವರು ಒಪ್ಪಿ ಬರೆದುಕೊಟ್ಟರೆ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೆ ಈಗಲೇ ಅರ್ಜಿ ಹಾಕಬಹುದು. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತವೆ. ಲೈಸೆನ್ಸ್ ನಿಮ್ಮ ಹೆಸರಿಗೆ ಆಗುವವರೆಗೆ ಆ ರಿವಾಲ್ವರನ್ನು ನೀವು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟ ಸುತ್ತುವಂತಿಲ್ಲ, ಮಗ ಎಂಬ ನಂಟು ಅಲ್ಲಿ ನಡೆಯುವುದಿಲ್ಲ. ಆ ಕಾಯುವಿಕೆಯ ತಿಂಗಳುಗಳಲ್ಲಿ ಗುರಿ ಕಲಿಯುವ ಆಸೆಯಿದ್ದರೆ 177 ಬೋರಿನ, 20 ಜೂಲ್ ಮೀರದ ಏರ್ ರೈಫಲ್ ಕೊಳ್ಳಿ, ಅದಕ್ಕೆ ಲೈಸೆನ್ಸ್ ಬೇಡ. ಹತ್ತು ಮೀಟರ್ ಜಾಗ, ಹಿಂದೆ ಮಣ್ಣು ತುಂಬಿದ ಎರಡು ಚೀಲ ಸಾಕು. ಜೊತೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ಸದಸ್ಯತ್ವ ವಿಚಾರಿಸಿ. 22ರ ದಾರಿ ಅಲ್ಲಿಂದ ಶುರುವಾಗುತ್ತದೆ.

ಕೊನೆಯದಾಗಿ ಆ ಟಿನ್ನಿನ ಡಬ್ಬಿ. ಅದರಲ್ಲಿರುವ ಇಪ್ಪತ್ತು ಗುಂಡುಗಳನ್ನು ತಂದೆಯವರ ಲೈಸೆನ್ಸ್ ಪುಸ್ತಕದ ಖರೀದಿ ಪುಟದೊಂದಿಗೆ ತಾಳೆ ನೋಡಿ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಗುಂಡು ಕವಚದಲ್ಲಿ ಅಲ್ಲಾಡುತ್ತಿದ್ದರೆ ಹಾರಿಸಬೇಡಿ, ಉಜ್ಜಿ ಹೊಳಪು ಮಾಡಲೂಬೇಡಿ, ಬಾವಿಗೆ ಎಸೆಯಬೇಡಿ. ತಂದೆಯವರೊಂದಿಗೆ ಠಾಣೆಗೆ ಹೋಗಿ ವಿಷಯ ತಿಳಿಸಿ, ಒಪ್ಪಿಸಿ, ಬರೆಸಿಕೊಂಡು ಬನ್ನಿ. ಹೆಸರು ಬದಲಾವಣೆಯ ಅರ್ಜಿ ಹಾಕುವ ಮೊದಲೇ ಈ ಕೆಲಸ ಮುಗಿಯಲಿ.